ಕೊನೆಯಿಂದ ಕಟ್ಟುವ ಸರಪಳಿ ಯಂತ್ರ

ಮೂರನೇ ತರಗತಿಯಲ್ಲಿ ಸರಪಳಿ ಯಂತ್ರ, ಅಂದರೆ ಒಂದು ವಸ್ತು ಇನ್ನೊಂದನ್ನು ತಳ್ಳುತ್ತಾ ಹೋಗುವ ಸಾಲು, ಮಾಡಿಸುವಾಗ ನಾನು ಮೊದಲು ಕೇಳುವುದು, "ಕೊನೆಗೆ ಏನಾಗಬೇಕು?" ಅಂತ. ಗಂಟೆ ಹೊಡೀಬೇಕು ಅಂತಾರೆ. ಸರಿ, ಗಂಟೆಯಿಂದಲೇ ಕಟ್ಟೋಣ. ಗಂಟೆಗೆ ಗೋಲಿ ಬಡೀಬೇಕು. ಆ ಗೋಲಿಯನ್ನು ತಳ್ಳೋದು ಯಾವುದು? ಹೀಗೆ ಹಿಂದಕ್ಕೆ ಹೋಗಿ. ಮೊದಲಿನಿಂದ ಕಟ್ಟಿದರೆ ಸಾಲು ಬೆಳೀತಾನೇ ಇರುತ್ತದೆ, ಗಂಟೆ ತಲುಪುವ ಮೊದಲೇ ಪೀರಿಯಡ್ ಮುಗಿಯುತ್ತದೆ.

ಕಿಟ್‌ಗೆ ದುಡ್ಡು ಹಾಕಬೇಡಿ. ಖಾಲಿ ಬೆಂಕಿಪೊಟ್ಟಣ, ಗೋಲಿ, ದಾರ, ಹಳೇ ಕ್ಯಾಲೆಂಡರ್ ಸಾಕು. ಒಂದು ಕಡ್ಡಿಯೂ ಉಳಿದಿಲ್ಲ ಅಂತ ನೀವೇ ನೋಡಿ. ಖಾಲಿ ಪೊಟ್ಟಣ ಫ್ಯಾನ್ ಗಾಳಿಗೇ ಬೀಳುತ್ತದೆ. ಮರಳು ತುಂಬಿ ಟೇಪ್ ಹಚ್ಚಿ.

ಪೊಟ್ಟಣಗಳನ್ನು ಉದ್ದ ಮೇಲಕ್ಕೆ ಬರುವ ಹಾಗೆ ಸಾಲಾಗಿ ನಿಲ್ಲಿಸಿ, ನಡುವೆ ಮಕ್ಕಳ ಎರಡು ಬೆರಳಿನಷ್ಟು ಜಾಗ ಬಿಡಿ. ಜಾಸ್ತಿ ಬಿಟ್ಟರೆ ಏಟು ಬುಡಕ್ಕೆ ಬೀಳುತ್ತದೆ, ಮುಂದಿನದು ಬೀಳದೆ ಸುಮ್ನೆ ಜಾರುತ್ತದೆ. ಕಟ್ಟುವಾಗ ಅಲ್ಲಲ್ಲಿ ಮೂರು ಪೊಟ್ಟಣದ ಜಾಗ ಖಾಲಿ ಇಟ್ಟು ಕೊನೆಗೆ ತುಂಬಿ. ಯಾರದೋ ಮೊಣಕೈ ತಗುಲಿದರೂ ಇಡೀ ಸಾಲು ಹೋಗಲ್ಲ.

ಮಕ್ಕಳಿಗೆ ತುಂಬಾ ಇಷ್ಟವಾಗೋದು ಚಿಕ್ಕದು ದೊಡ್ಡದನ್ನು ಬೀಳಿಸೋದು. ಕೆನಡಾದ ಭೌತವಿಜ್ಞಾನಿ ಲಾರ್ನ್ ವೈಟ್‌ಹೆಡ್ 1983ರಲ್ಲಿ ಇದನ್ನು ಬರೆದರು: ಒಂದು ಡಾಮಿನೊ (ಸಾಲಾಗಿ ನಿಲ್ಲಿಸಿ ಬೀಳಿಸುವ ಚಪ್ಪಟೆ ಬಿಲ್ಲೆ) ತನಗಿಂತ ಒಂದೂವರೆ ಪಟ್ಟು ದೊಡ್ಡದನ್ನು ಬೀಳಿಸಬಲ್ಲದು. ಎತ್ತರ, ಅಗಲ, ದಪ್ಪ ಮೂರೂ ಹಾಗೇ ಬೆಳೆಯಬೇಕು. ಬೆಂಕಿಪೊಟ್ಟಣ 5 ಸೆಂ.ಮೀ. ಇದ್ದರೆ ಐದನೆಯದು ಸುಮಾರು 25 ಸೆಂ.ಮೀ.! ಸೋಪಿನ ಡಬ್ಬಿ, ಟೀಪುಡಿ ಡಬ್ಬಿ, ಪುಸ್ತಕ, ಹೀಗೆ ಸ್ಕೇಲಿನಲ್ಲಿ ಅಳೆದು ಅವರೇ ಹುಡುಕಲಿ. ಒಂದೂವರೆ ಪಟ್ಟು ಅಂದರೇನು ಅನ್ನೋದು ಆಗ ಕೈಗೇ ಸಿಗುತ್ತದೆ.

"ಮಿಸ್, ಆಗ್ಲಿಲ್ಲ" ಅಂತ ಬರುತ್ತಾರೆ. ದಯವಿಟ್ಟು ಕೈ ಹಾಕಬೇಡಿ. "ಎಲ್ಲಿ ನಿಂತಿತು?" ಅಂತ ಕೇಳಿ, ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ನಮ್ಮ ಹುಡುಗಿಯೊಬ್ಬಳು ನೆಲಕ್ಕೆ ಕೆನ್ನೆ ಒತ್ತಿ ಮಲಗಿ ಗೋಲಿಯನ್ನೇ ನೋಡಿದಳು. ಕ್ಯಾಲೆಂಡರ್ ಹಾಳೆ ಮಡಿಸಿ ಮಾಡಿದ ಜಾರುಬಂಡೆಯಲ್ಲಿ ಕೆಳಗಿನ ಹಾಳೆಯ ಅಂಚು ಮೇಲೆದ್ದಿತ್ತು, ಗೋಲಿ ಅಲ್ಲೇ ಎಡವುತ್ತಿತ್ತು. ಹೆಂಚು ಹೊದಿಸಿದ ಹಾಗೆ ಮೇಲಿನ ಹಾಳೆಯನ್ನು ಕೆಳಗಿನದರ ಮೇಲೆ ಕೂರಿಸಿದಳು. ನಾನು ಹೇಳಿಕೊಟ್ಟಿದ್ದರೆ ಅವಳು ಅಷ್ಟು ಹತ್ತಿರದಿಂದ ನೋಡುತ್ತಲೇ ಇರಲಿಲ್ಲ ಅಲ್ವಾ?

ಮೂರು ಮೂರು ಮಕ್ಕಳ ಗುಂಪು ಮಾಡಿ. ಪ್ರತಿ ಗುಂಪಿನ ಯಂತ್ರವೂ ಒಂದು ಪುಸ್ತಕ ಬೀಳುವುದರಲ್ಲಿ ಮುಗಿಯಲಿ, ಮುಂದಿನ ಗುಂಪಿನದು ಅದೇ ಪುಸ್ತಕದ ಏಟಿನಿಂದ ಶುರುವಾಗಲಿ. ಆಗ ಜೋಡಿಸೋದು ಸುಲಭ. ಜೋಡಿಸುವ ದಿನ ಎರಡು ಪೀರಿಯಡ್ ಒಟ್ಟಿಗೆ ಕೇಳಿಕೊಳ್ಳಿ, ಫ್ಯಾನ್ ಆರಿಸಿ.