ಬುಕಾನನ್ ನಡೆದ ದಾರಿಯನ್ನು ನಕ್ಷೆಗೆ ಇಳಿಸುವುದು

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಏಪ್ರಿಲ್‌ನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟ. ಮೈಸೂರು, ಕೆನರಾ, ಮಲಬಾರುಗಳ ಬೇಸಾಯ, ಮೆಣಸು, ಗಂಧ, ಗಣಿ, ಕಸುಬು, ಜನ ಎಲ್ಲವನ್ನೂ ನೋಡಿ ಬರೆಯುವುದು ಕಂಪನಿ ವಹಿಸಿದ ಕೆಲಸ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ದಿನಚರಿ ತಾರೀಖಿನ ಪ್ರಕಾರವೇ ಇರುವುದರಿಂದ ಅವನ ದಾರಿಯನ್ನು ನಕ್ಷೆಗೆ ಇಳಿಸುವ ನನ್ನ ಕೆಲಸ ಅರ್ಧ ಹಗುರ.

ನಾನು ಮೊದಲು ಒಂದು ಪಟ್ಟಿ ಮಾಡಿಕೊಳ್ಳುತ್ತೇನೆ: ತಾರೀಖು, ತಂಗಿದ ಊರು, ಎಷ್ಟು ಕೋಸು (ದಾರಿಯ ದೂರದ ಹಳೆಯ ಅಳತೆ), ದಾಟಿದ ಹೊಳೆ, ಕಂಡ ಕೆರೆ ಅಥವಾ ಕೋಟೆ. ಆಮೇಲೆ ಸರ್ವೆ ಆಫ್ ಇಂಡಿಯಾದ ನಕ್ಷೆಯ ಹಾಳೆಗಳು. ಶಿರಸಿ, ಹೊನ್ನಾವರದ ಕಡೆಗಾದರೆ 48 ಜೆ ಎಂಬ ಸಂಖ್ಯೆಯ ಹಾಳೆ. ಸಾಗರಕ್ಕೆ ಅದರ ಪೂರ್ವದ 48 ಎನ್. ಮೈಲಿಗೆ ಒಂದಿಂಚಿನ ಹಳೆಯ ಮುದ್ರಣ ಸಿಕ್ಕರೆ ಅದೇ ಬೇಕು. ಲಿಂಗನಮಕ್ಕಿ, ಕನ್ನಂಬಾಡಿ ಹಿನ್ನೀರಿನಡಿ ಹೋದ ಊರುಗಳನ್ನು ಹೊಸ ಹಾಳೆಯಲ್ಲಿ ಹುಡುಕಿ ಫಲವಿಲ್ಲ.

ಎಲ್ಲರೂ ಎಡವುವುದು ಕೋಸಿನಲ್ಲಿ. ಅದು ಎಲ್ಲ ಕಡೆ ಒಂದೇ ಅಳತೆಯಲ್ಲ. ಟಿಪ್ಪುವಿನ ಸುಲ್ತಾನಿ ಕೋಸು ಬೇರೆಯೇ. ಒಂದೇ ಲೆಕ್ಕ ಹಿಡಿದು ಮೈಲಿಗೆ ತಿರುಗಿಸಿದರೆ ನಾಲ್ಕು ಪಯಣ ದಾಟುವಷ್ಟರಲ್ಲಿ ಊರು ತಪ್ಪಿರುತ್ತದೆ. ಅನುಮಾನವಿಲ್ಲದ ಎರಡು ಊರು ಹಿಡಿದು, ನಡುವಿನ ಹಳೆ ದಾರಿಯ ಉದ್ದವನ್ನು ಕೋಸಿನ ಮೊತ್ತದಿಂದ ಭಾಗಿಸಬೇಕು. ಬಂದ ಲೆಕ್ಕ ಆ ತುಂಡಿಗೆ ಮಾತ್ರ. ಘಟ್ಟದಲ್ಲಿ ಅದೂ ಕೈಕೊಡುತ್ತದೆ. ಅಲ್ಲಿ ಹೊಳೆ ದಾಟಿದ ಕ್ರಮವೇ ಆಧಾರ. ಊರ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಕಣ್ಣಿನಿಂದ ಓದುವ ಬದಲು ಬಾಯಿಬಿಟ್ಟು ಓದಿದರೆ ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತವೆ.

ಬೇಸಾಯದ ಅಂಕಿಗಳಿಗೆ ಇನ್ನೂ ತಾಳ್ಮೆ ಬೇಕು. ಕಾಳು ಅಳೆಯುವ ಹಳೆಯ ಲೆಕ್ಕದಲ್ಲಿ 20 ಕೊಳಗಕ್ಕೆ ಒಂದು ಖಂಡುಗ ಸರಿ, ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಸೀಮೆಯಿಂದ ಸೀಮೆಗೆ ಬೇರೆ. ಹೊಲವನ್ನೂ ಬಿತ್ತನೆಯಿಂದಲೇ ಅಳೆಯುತ್ತಿದ್ದರು: ಇಷ್ಟು ಬೀಜ ಹಿಡಿಯುವ ಭೂಮಿ ಎಂದು. ಶ್ರೀರಂಗಪಟ್ಟಣದ ಸುತ್ತ ಭತ್ತಕ್ಕೆ ಮೂರು ಬಗೆ ಬರೆದಿದ್ದಾನೆ: ಒಣಬೀಜದ ಬರಬತ್ತ, ಮೊಳಕೆ ಬರಿಸಿ ಚೆಲ್ಲುವ ಮೊಳೆಬತ್ತ, ಪೈರು ಕಿತ್ತು ನೆಡುವ ನಾಟಿ. ನಾಟಿಗೆ ಬೀಜ ಕಡಿಮೆ ಸಾಕು. ಒಂದೇ ಗದ್ದೆ, ಒಂದೇ ಫಸಲು ಬಂದರೂ ಬೀಜಕ್ಕೆ ಇಷ್ಟರಷ್ಟು ಎಂಬ ಲೆಕ್ಕದಲ್ಲಿ ನಾಟಿಯೇ ಮೇಲಾಗಿ ಕಾಣುತ್ತದೆ. ಹಾಗಾಗಿ ಮೂರನ್ನೂ ಒಂದೇ ಕಾಲಂನಲ್ಲಿ ಸೇರಿಸುವುದಿಲ್ಲ. ಎಕರೆಗೆ ತಿರುಗಿಸುವುದು, ಗದ್ದೆಯ ಅಳತೆಯನ್ನೂ ಆತ ಕೊಟ್ಟಿರುವ ಕಡೆ ಮಾತ್ರ.

ಇನ್ನೊಂದು ಸೋಸುವಿಕೆ: ಹೇಳಿದವರು ಯಾರು? ಹೊಸ ಸರ್ಕಾರದ ಕಡೆಯ ಪರಂಗಿಯೊಬ್ಬ ದುಭಾಷಿಯನ್ನು ಮುಂದಿಟ್ಟುಕೊಂಡು ಫಸಲೆಷ್ಟು ಎಂದು ಕೇಳಿದರೆ, ಕಂದಾಯದ ಹೆದರಿಕೆಯಲ್ಲಿ ಯಾವ ರೈತ ಪೂರ್ತಿ ಹೇಳಿಯಾನು? ಬುಕಾನನ್ನನಿಗೇ ಆ ಸಂಶಯವಿತ್ತು. ಇಳುವರಿಯನ್ನು ಕನಿಷ್ಠವೆಂದೇ ಗುರುತು ಹಾಕುತ್ತೇನೆ. ಜಾತಿ, ಆಚಾರದ ವಿವರಗಳ ಎದುರು ಹೇಳಿದವರ ಜಾತಿಯನ್ನೂ ಬರೆದಿಡುತ್ತೇನೆ. ಒಬ್ಬರ ಬಗ್ಗೆ ಇನ್ನೊಬ್ಬರು ಆಡಿದ ಮಾತಿಗೆ ಪಟ್ಟಿಯಲ್ಲಿ ಬೇರೆ ಬಣ್ಣ ಹಚ್ಚುತ್ತೇನೆ. ನೀರೆತ್ತುವ ಏತ, ಕಪಿಲೆ, ನೇಗಿಲು, ಉಳುವ ತಿಂಗಳು ಇವುಗಳಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆ ಪುಟಗಳನ್ನು ನಾನು ಹೆಚ್ಚು ನಂಬುತ್ತೇನೆ.