ಸಾರ್ವಜನಿಕ ಆರೋಗ್ಯ ವಿಮೆಗೆ ತುರ್ತು ಚಿಕಿತ್ಸೆಯನ್ನು ಸೇರಿಸುವ ಬಗೆ

ಸಾರ್ವಜನಿಕ ಆರೋಗ್ಯ ವಿಮೆಯನ್ನು ತುರ್ತು ಚಿಕಿತ್ಸೆಗೂ ವಿಸ್ತರಿಸುವಾಗ, ಯಾವ ಸ್ಥಿತಿಯನ್ನು ತುರ್ತೆಂದು ಒಪ್ಪಬೇಕೆಂಬುದನ್ನು ನಿಯಮದಲ್ಲಿ ಮೊದಲು ಗೊತ್ತುಪಡಿಸಬೇಕು. ಇದಕ್ಕೆ ರೋಗಿಯು ಆಸ್ಪತ್ರೆಗೆ ಬಂದಾಗ ಇದ್ದ ಲಕ್ಷಣಗಳು ಆಧಾರವಾಗಬೇಕೇ ಹೊರತು, ಪರೀಕ್ಷೆಗಳೆಲ್ಲ ಮುಗಿದ ಮೇಲೆ ತಿಳಿದುಬಂದ ಕಾಯಿಲೆಯ ಹೆಸರಲ್ಲ. ಎದೆನೋವೆಂದು ಬಂದವರಿಗೆ ಕೊನೆಗೆ ಬರೀ ಆ್ಯಸಿಡಿಟಿ ಎಂದು ಗೊತ್ತಾದರೂ ಇಸಿಜಿ ಮತ್ತು ರಕ್ತಪರೀಕ್ಷೆಯ ವೆಚ್ಚವನ್ನು ವಿಮೆ ಭರಿಸಬೇಕು. ಇಲ್ಲವಾದರೆ ನಿಜವಾದ ಹೃದಯಾಘಾತದಲ್ಲೂ ಜನ ಬಿಲ್ಲಿಗೆ ಹೆದರಿ ಮನೆಯಲ್ಲೇ ಕಾಯುತ್ತಾರೆ. ಅಮೆರಿಕವು 1997ರ ಕಾನೂನಿನಲ್ಲಿ ಮುಖ್ಯವಾಗಿ ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ ಮತ್ತು ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನ ನಿರ್ವಹಿತ ಯೋಜನೆಗಳಿಗೆ (ಗೊತ್ತುಪಡಿಸಿದ ಆಸ್ಪತ್ರೆ ಮತ್ತು ವೈದ್ಯರ ಜಾಲದ ಮೂಲಕ ಸೇವೆ ಒದಗಿಸುವ ಯೋಜನೆಗಳಿಗೆ) ಇಂಥದೇ ಮಾನದಂಡವನ್ನು ವಿಧಿಸಿತು: ವೈದ್ಯಕೀಯ ಜ್ಞಾನ ಸಾಧಾರಣ ಮಟ್ಟದಲ್ಲಿರುವ ವಿವೇಕಿಯೊಬ್ಬನಿಗೆ ಆ ಲಕ್ಷಣಗಳು ಗಂಭೀರ ಅಪಾಯದವೆಂದು ತೋರಿದರೆ ಸಾಕು.

ಚಿಕಿತ್ಸೆಗೆ ಮುನ್ನ ವಿಮಾ ಸಂಸ್ಥೆಯ ಒಪ್ಪಿಗೆ ಪಡೆಯಬೇಕೆಂಬ ಪೂರ್ವಾನುಮತಿಯ ಷರತ್ತನ್ನು ಇಲ್ಲಿ ಸಂಪೂರ್ಣವಾಗಿ ಕೈಬಿಡಬೇಕು. ಚಿಕಿತ್ಸೆ ಆರಂಭವಾದ ಮೇಲೆ ನಿಗದಿತ ಅವಧಿಯೊಳಗೆ ಆಸ್ಪತ್ರೆಯೇ ವಿಮಾ ಸಂಸ್ಥೆಗೆ ತಿಳಿಸಲಿ. ಪ್ರಜ್ಞೆಯಿಲ್ಲದವರ ವಿಮಾ ಕಾರ್ಡನ್ನು ಆಮೇಲೆ ಪರಿಶೀಲಿಸಬಹುದು.

ಹೆಚ್ಚು ತೊಡಕಿರುವುದು ಯೋಜನೆಯಲ್ಲಿ ನೋಂದಾಯಿಸಿಕೊಳ್ಳದ ಆಸ್ಪತ್ರೆಗಳ ವಿಷಯದಲ್ಲಿ. ಅಪಘಾತಕ್ಕೀಡಾದವರನ್ನು ಹತ್ತಿರದ ಆಸ್ಪತ್ರೆಗೆ ಒಯ್ಯುತ್ತಾರೆಯೇ ವಿನಾ ಯಾರೂ ಪಟ್ಟಿ ನೋಡಿ ಒಯ್ಯುವುದಿಲ್ಲ. ಥಾಯ್ಲೆಂಡ್ 2017ರಲ್ಲಿ ಜಾರಿಗೊಳಿಸಿದ ವ್ಯವಸ್ಥೆಯಲ್ಲಿ, ಪ್ರಾಣಾಪಾಯದಲ್ಲಿರುವ ರೋಗಿಯು ಯಾವ ಆಸ್ಪತ್ರೆಗೆ ಹೋದರೂ, ಅದು ಖಾಸಗಿಯಾಗಿದ್ದರೂ, ಮೊದಲ 72 ಗಂಟೆಗಳ ವೆಚ್ಚವನ್ನು ಆತನ ವಿಮಾ ನಿಧಿಯೇ ನಿಗದಿತ ದರಪಟ್ಟಿಯಂತೆ ಪಾವತಿಸುತ್ತದೆ. ಇಂಥ ದರಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಿ, ಬಿಲ್ಲಿನಲ್ಲಿ ಉಳಿದ ಮೊತ್ತವನ್ನು ರೋಗಿಯಿಂದ ವಸೂಲಿ ಮಾಡುವುದನ್ನು ನಿಷೇಧಿಸದಿದ್ದರೆ ವಿಮೆಯ ರಕ್ಷಣೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಸ್ಥಿತಿ ಸ್ಥಿರವಾದ ಬಳಿಕ ರೋಗಿಯನ್ನು ನೋಂದಾಯಿತ ಆಸ್ಪತ್ರೆಗೆ ಯಾರು ಸಾಗಿಸಬೇಕು, ಅಲ್ಲಿ ಹಾಸಿಗೆ ಖಾಲಿಯಿಲ್ಲದಿದ್ದರೆ ಹೆಚ್ಚುವರಿ ದಿನಗಳ ಹಣ ಯಾರದು ಎಂಬುದನ್ನೂ ಬರೆದಿಡಬೇಕು. ಜಗಳಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ.

ಆಂಬುಲೆನ್ಸನ್ನು ಹೊರಗಿಡುವುದು ಸುಳ್ಳು ಉಳಿತಾಯ. ರಕ್ತನಾಳ ಕಟ್ಟಿಕೊಂಡು ಆಗುವ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗಿರುವುದರಿಂದ, ವಾಹನದ ಬಾಡಿಗೆ ಹೊಂದಿಸುವುದರಲ್ಲಿ ಕಳೆದ ಹೊತ್ತು ಮುಂದೆ ಜೀವನಪೂರ್ತಿ ಆರೈಕೆಯ ವೆಚ್ಚವಾಗಿ ಅದೇ ನಿಧಿಯ ಮೇಲೆ ಬೀಳಬಹುದು.

ಇನ್ನು ಹಣದ ಮಾತು. ತುರ್ತು ವಿಭಾಗಕ್ಕೆ ಬಂದವರನ್ನು ಪರೀಕ್ಷಿಸಿ ಸ್ಥಿರಗೊಳಿಸುವ ಹೊಣೆಯನ್ನು ಅಮೆರಿಕದ 1986ರ ಕಾನೂನು ಆಸ್ಪತ್ರೆಗಳ ಮೇಲೆ ಹೊರಿಸಿತಾದರೂ ಅದಕ್ಕೆಂದು ಪ್ರತ್ಯೇಕ ನಿಧಿಯನ್ನು ಒದಗಿಸಲಿಲ್ಲ. ಆದ್ದರಿಂದ ಆದೇಶದ ಜೊತೆಯಲ್ಲೇ ಅನುದಾನವನ್ನೂ, ಕ್ಲೇಮು ಪಾವತಿಯ ಗಡುವನ್ನೂ ಗೊತ್ತುಪಡಿಸಬೇಕು. ದುರುಪಯೋಗವನ್ನು ತಡೆಯಲು ಪಾವತಿಯ ನಂತರ ಆಯ್ದ ಕಡತಗಳನ್ನು ವೈದ್ಯರಿಂದ ತಪಾಸಣೆ ಮಾಡಿಸಬಹುದು. ಅಲ್ಲಿ ಆಕ್ಷೇಪಣೆ ಬಂದರೆ ವಸೂಲಿಯು ಆಸ್ಪತ್ರೆಯಿಂದ ಆಗಬೇಕು, ರೋಗಿಯಿಂದಲ್ಲ.