ಹಳೇ ಮನೆ ರಿಪೇರಿ: ಮೊದಲು ನೀರಿನ ದಾರಿ ನೋಡಿ

ನಮ್ಮದು ಮೈಸೂರಿನ ಚಾಮರಾಜಪುರಂನ ಹೆಂಚಿನ ಮನೆ. ಮಾವನವರ ತಂದೆ 1931ರಲ್ಲಿ ಕೊಂಡಿದ್ದು. ಜಗಲಿ, ಹಜಾರ, ನಡುಮನೆ, ಎರಡು ಕೋಣೆ, ಕೊನೆಗೆ ಅಡುಗೆಮನೆ, ಬಚ್ಚಲು. ಹಿತ್ತಲಿನ ಆಚೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಮನೆಗಳ ಕೊಳೆ ಸಾಗಿಸೋಕೆ ಹಿಂದೆ ಬಿಟ್ಟ ಓಣಿ. ಆರು ಜನಕ್ಕೆ ಒಂದೇ ಬಚ್ಚಲು. ಬೆಳಿಗ್ಗೆ ಏಳು ಗಂಟೆಗೆ ನಮ್ಮ ಮನೆ ಹೇಗಿರುತ್ತಿತ್ತು ಅಂತ ನೀವೇ ಊಹಿಸಿಕೊಳ್ಳಿ. ಕೆಡವಿ ಡ್ಯೂಪ್ಲೆಕ್ಸ್ ಕಟ್ಟಿ ಅಂದವರೇ ಜಾಸ್ತಿ. ನಾವು ಕೆಡವಲಿಲ್ಲ. ಹಾಗೆ ಉಳಿಸಿಕೊಳ್ಳೋರಿಗೆ ನಾನು ಕಲಿತಿದ್ದನ್ನ ಹೇಳುತ್ತೇನೆ.

ಮೊದಲ ಕೆಲಸ, ಏನೂ ಮಾಡದೆ ಒಂದು ವರ್ಷ ಮಳೆ ನೋಡೋದು. ನಮ್ಮೂರಲ್ಲಿ ಮೇ ತಿಂಗಳ ಮಳೆ ಒಂದು ಥರ, ದಸರಾ ಹೊತ್ತಿನದು ಇನ್ನೊಂದು ಥರ. ಎರಡರಲ್ಲೂ ಎಲ್ಲಿ ಸೋರುತ್ತೆ, ಅಂಗಳದ ನೀರು ಎಲ್ಲಿ ನಿಲ್ಲುತ್ತೆ, ಯಾವ ಗೋಡೆ ಎಷ್ಟು ಎತ್ತರದವರೆಗೆ ತೇವ ಹಿಡಿಯುತ್ತೆ ಅಂತ ಪೆನ್ಸಿಲ್‌ನಲ್ಲಿ ಗೋಡೆ ಮೇಲೇ ಗುರುತು ಹಾಕಿ. ನಮ್ಮ ಜಗಲಿಗೆ ಮೊದಲು ಐದು ಮೆಟ್ಟಿಲು ಇತ್ತಂತೆ. ರಸ್ತೆಗೆ ಟಾರು ಹಾಕಿ ಹಾಕಿ ಈಗ ಮೂರೇ ಉಳಿದಿದೆ. ಅಂದರೆ ಬೀದಿ ನೀರು ಮನೆ ಕಡೆಗೇ ಬರುತ್ತೆ. ಇದು ಯಾವ ಪ್ಲಾನಿನಲ್ಲೂ ಕಾಣಲ್ಲ.

ನಾನು ಈ ಬುದ್ಧಿ ಕಲಿತಿದ್ದು ಪೆಟ್ಟು ತಿಂದ ಮೇಲೆ. ನಡುಮನೆ ಗೋಡೆಯ ಗಾರೆ ಉದುರುತ್ತಿತ್ತು. ಒಬ್ಬ ಕಂಟ್ರಾಕ್ಟರ್ ಮೂರಡಿ ಎತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿಕೊಟ್ಟರು. ಗೃಹಪ್ರವೇಶದ ಮನೆ ಥರ ಹೊಳೀತಿತ್ತು. ಮುಂದಿನ ಮಳೆಗಾಲಕ್ಕೆ ತೇವ ನಾಲ್ಕೂವರೆ ಅಡಿಗೆ ಏರಿತು. ಪೇಂಟ್ ಹಪ್ಪಳದ ಥರ ಉಬ್ಬಿ, ಒಳಗಿಂದ ಬಿಳಿ ಉಪ್ಪು ಉದುರತೊಡಗಿತು. ಆಮೇಲೆ ಶ್ರೀರಂಗಪಟ್ಟಣದ ಕಡೆಯಿಂದ ವಯಸ್ಸಾದ ಗಾರೆ ಮೇಸ್ತ್ರಿ ಒಬ್ಬರು ಬಂದರು. ಬೆರಳ ಗೆಣ್ಣಿನಿಂದ ಗೋಡೆಯನ್ನ ಟಕಟಕ ಅಂತ ಬಡಿದು ನೋಡಿ, "ಗೋಡೆಗೆ ರೈನ್‌ಕೋಟ್ ಹಾಕ್ಸಿದ್ದೀರಲ್ಲಮ್ಮ, ಒಳಗೇ ಬೆವರ್ತಾ ಇದೆ" ಅಂದರು.

ವಿಷಯ ಇಷ್ಟೇ. ಹಳೇ ಗೋಡೆ ಇಟ್ಟಿಗೆ, ಸುಣ್ಣದ್ದು. ನೆಲದಿಂದ ಹೀರಿದ ತೇವವನ್ನ ಸುಣ್ಣ ಹೊರಗೆ ಬಿಡುತ್ತೆ. ಸಿಮೆಂಟು ಅದನ್ನ ತಡೆಯುತ್ತೆ. ದಾರಿ ಸಿಗದೆ ನೀರು ಮೇಲಕ್ಕೆ ಹತ್ತುತ್ತೆ. ಸಿಮೆಂಟನ್ನೆಲ್ಲ ಉಳಿಯಿಂದ ಮೆಲ್ಲಗೆ ಎಬ್ಬಿಸಿ, ಗೋಡೆಯನ್ನ ಒಂದು ಬೇಸಿಗೆ ಬರೀಮೈಯಲ್ಲಿ ಬಿಟ್ಟೆವು. ಹೊರಗೆ ಗೋಡೆಗೆ ಅಂಟಿದಂತೆ ಹಾಕಿದ್ದ ಕಾಂಕ್ರೀಟನ್ನೂ ಒಂದೂವರೆ ಅಡಿ ಅಗಲಕ್ಕೆ ಒಡೆದು ಜಲ್ಲಿ ತುಂಬಿಸಿದೆವು. ಅರ್ಧ ತೇವ ಅಷ್ಟಕ್ಕೇ ಇಳಿಯಿತು!

ಗಾರೆಗೆ ಕಲ್ಲುಸುಣ್ಣವನ್ನ ಹಿತ್ತಲ ಗುಂಡಿಯಲ್ಲಿ ಅರಳಿಸಿ ಒಂದು ತಿಂಗಳು ನೀರಲ್ಲೇ ಇಟ್ಟಿದ್ದೆವು. ಅರಳುವಾಗ ಕುದಿಯುತ್ತೆ, ಕಣ್ಣಿಗೆ ಹಾರಿದರೆ ಗತಿಯಿಲ್ಲ. ಮಕ್ಕಳನ್ನ ದೂರ ಇಡಿ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ತೇವದ ಜಾಗದಲ್ಲಿ ಮರಳಿನ ಒಂದು ಪಾಲಿಗೆ ಬದಲು ಸುರ್ಕಿ ಅಂತಾರಲ್ಲ, ಆ ಇಟ್ಟಿಗೆ ಪುಡಿ. ಮೇಸ್ತ್ರಿ ಅಳಲೆಕಾಯಿ, ಬೆಲ್ಲ ನೆನೆಸಿದ ನೀರನ್ನೂ ಸೇರಿಸಿದರು. ಇರುವೆ ಬರಲ್ವಾ ಅಂದೆ. ನಕ್ಕರು. ಬರಲಿಲ್ಲ. ಮೆತ್ತಿದ ಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ವಾರಗಟ್ಟಲೆ ನಿಧಾನಕ್ಕೆ ಒಣಗಿಸಬೇಕು. ಅವಸರ ಮಾಡಿದರೆ ಕೂದಲೆಳೆಯಂಥ ಬಿರುಕು ಬರುತ್ತೆ. ಮೇಲೆ ಸುಣ್ಣವೇ ಬಳಿಯಿರಿ, ಪೇಂಟ್ ಬೇಡ.

ಈಗ ಹೊಸ ಭಾಗ. ನೀರಿನ ಕೆಲಸವೆಲ್ಲ ಹೊಸದಕ್ಕೆ, ಹಳೇದು ಒಣಗಿರಲಿ. ನಾವು ಹಿಡಿದಿದ್ದು ಇದೊಂದೇ ನಿಯಮ. ಪ್ಲೇಗ್ ಆದಮೇಲೆ, 1903ರಲ್ಲಿ ಇಲ್ಲಿ ಊರನ್ನ ಸುಧಾರಿಸಲು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ಗಾಳಿ ಬೆಳಕು ಮುಂದಿನಿಂದ, ಕೊಳೆ ಹಿಂದಿನ ಗಲ್ಲಿಯಿಂದ ಅನ್ನೋದು ಆ ಕಾಲದ ಲೆಕ್ಕ. ನಾವೂ ಅಡುಗೆಮನೆ, ಎರಡು ಬಾತ್‌ರೂಮ್, ವಾಷಿಂಗ್ ಮಷೀನು ಎಲ್ಲವನ್ನೂ ಹಿತ್ತಲ ಕಡೆ ಹೊಸದಾಗಿ ಕಟ್ಟಿದ ಭಾಗಕ್ಕೆ ಹಾಕಿದೆವು. ಅದರ ಮೇಲೆ ಮಗನಿಗೊಂದು ರೂಮು. ನಡುಮನೆ ಗೋಡೆಯೊಳಗೆ ಒಂದೇ ಒಂದು ಪೈಪ್ ಇಲ್ಲ.

ಹೊಸ ಗೋಡೆಯನ್ನ ಹಳೇದಕ್ಕೆ ಹಲ್ಲು ಬಿಟ್ಟು, ಅಂದರೆ ಇಟ್ಟಿಗೆಯೊಳಗೆ ಇಟ್ಟಿಗೆ ಹೆಣೆದು, ಸೇರಿಸಲು ಬಿಡಬೇಡಿ. ಮೇಸ್ತ್ರಿಗಳಿಗೆ ಅದೇ ಅಭ್ಯಾಸ. ಹೊಸದು ಸ್ವಲ್ಪವಾದರೂ ಕೂರುತ್ತೆ, ಆಗ ಹಳೇದನ್ನೂ ಎಳೆಯುತ್ತೆ. ನಮ್ಮಲ್ಲಿ ಒಂದಿಂಚು ಸಂದು ಬಿಟ್ಟು, ಹೊಸದಕ್ಕೆ ಅದರದ್ದೇ ಪಿಲ್ಲರ್, ಅದರದ್ದೇ ಪಾಯ. ಸಂದಿನ ಮೇಲೆ ಮಳೆ ನೀರು ಇಳಿಯದ ಹಾಗೆ ತಗಡು ಮಡಚಿ ಹೊದಿಸಿದೆವು. ಹಳೇ ಪಾಯದ ಪಕ್ಕ ಉದ್ದಕ್ಕೂ ಒಂದೇ ಸಲ ಅಗೆಯಬಾರದು. ನಾಲ್ಕು ನಾಲ್ಕು ಅಡಿ ಅಗೆದು, ತುಂಬಿ, ಆಮೇಲೆ ಮುಂದಿನದು. ಇದಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಬೇಕೇ ಬೇಕು, ದುಡ್ಡು ಉಳಿಸಬೇಡಿ. 2012ರಲ್ಲಿ ನಮ್ಮೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದಿದ್ದು ನೆನಪಿದೆ ಅಲ್ವಾ?

ಹೆಂಚು ಇಳಿಸುವಾಗ ಒಂದನ್ನ ಬ್ಯಾಗಲ್ಲಿ ಇಟ್ಟುಕೊಳ್ಳಿ. ಹಳೇ ಹೆಂಚು ಕೊಳ್ಳಲು ಹೋದಾಗ ಅದರ ಜೊತೆ ಕೂರಿಸಿ ನೋಡಿ. ಒಂದೊಂದು ಕಾರ್ಖಾನೆಯದು ಒಂದೊಂದು ಅಳತೆ, ಕಿವಿ ಕೂರದಿದ್ದರೆ ಸೋರುತ್ತೆ. ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪರ್, ಹೊಸದು ಹಾಕಿಸಿ. ತೊಲೆಗೆ ಗೆದ್ದಲು ಹಿಡಿದಿದೆಯಾ ಅಂತ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿ. ಗೋಡೆ ಸೇರುವ ತುದಿಯಲ್ಲೇ ಹಿಡಿಯೋದು ಜಾಸ್ತಿ. ರೆಡ್ ಆಕ್ಸೈಡ್ ನೆಲವನ್ನ ಮೊದಲ ದಿನವೇ ಮುಚ್ಚಿ. ನಾವು ಮರೆತೆವು, ಹಾರೆ ಬಿದ್ದ ಕಲೆ ಹಜಾರದಲ್ಲಿ ಇನ್ನೂ ಇದೆ. ಆ ಕೆಂಪು ಯಾರಿಗೂ ಹೊಂದಿಸಕ್ಕಾಗಲಿಲ್ಲ. ಅತ್ತೆ ಅದರ ಮೇಲೆ ಚಾಪೆ ಹಾಸಿದ್ದಾರೆ.

ಪಾಲಿಕೆಯ ಅನುಮತಿ ಮೊದಲೇ ತಗೊಳ್ಳಿ. ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆಯಾ ಅಂತಲೂ ವಿಚಾರಿಸಿ.

ಹಳೇ ಬಚ್ಚಲು ಈಗ ಮಗಳ ಓದುವ ಕೋಣೆ. ಹಂಡೆ ಒಲೆಯ ಜಾಗದಲ್ಲಿ ಮೇಜು. ಎಂಬತ್ತು ತೊಂಬತ್ತು ವರ್ಷ ನೀರು ಕುಡಿದ ಗೋಡೆ, ಎರಡು ಬೇಸಿಗೆ ಕಳೆದರೂ ಪೂರ್ತಿ ಒಣಗಿಲ್ಲ. ಪುಸ್ತಕದ ಬೀರುವನ್ನ ಗೋಡೆಯಿಂದ ನಾಲ್ಕಿಂಚು ದೂರ ಇಟ್ಟಿದ್ದೇವೆ. ಇನ್ನೊಂದು ಬೇಸಿಗೆ ಹಾಗೇ ಇರಲಿ ಅಂದಿದ್ದಾರೆ ಮೇಸ್ತ್ರಿ.